ಚೆಂಡುಹೂವಿನ ಸಾಲು

ಬೈಗುಳ ಬಿದ್ದ ಮಣ್ಣಿನಲ್ಲಿ ಕಳೆ ಹುಟ್ಟತೊಡಗಿದ ಮೇಲೆ ಊರಿನವರೆಲ್ಲ ಬಾಯಿ ತುಂಬ ನೀರು ತುಂಬಿಕೊಂಡೇ ಕಳೆ ಕೀಳುತ್ತಾರೆ. ಸಿಟ್ಟಿನಲ್ಲಿ ಒಂದು ಮಾತು ಜಾರಿದರೂ ಕಿತ್ತ ಜಾಗದಲ್ಲೇ ಮತ್ತೆ ಮೊಳಕೆ. ವಿಶಾಲಾಕ್ಷಿಯೂ ಯುಗಾದಿಗೆ ಮೊದಲು ಹಾಗೆಯೇ ಕೆನ್ನೆ ಉಬ್ಬಿಸಿಕೊಂಡು ಕೂತು, ಸೊರಗಿದ ಮಲ್ಲಿಗೆ ಗಿಡದ ಸುತ್ತ ಪಾರ್ಥೇನಿಯಂ ಕೀಳುತ್ತಿದ್ದಳು. ಅದರಲ್ಲಿ ಒಂದೂ ಅವಳ ಬೈಗುಳದ್ದಲ್ಲ.

ಗೇಟು ಕಿರ್ರೆಂದಿತು. ಪಕ್ಕದ ಮನೆಯ ಮಹಾದೇವಯ್ಯ ಹೆಂಡತಿ ಸರ್ವಮಂಗಳೆಯ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಅವಳನ್ನು ಬೈಯಬೇಕಾದಾಗಲೆಲ್ಲ ಅವನು ಬರುವುದು ಇಲ್ಲಿಗೇ.

"ಒಂದೇ ನಿಮಿಷ ಕಣಮ್ಮ," ಎಂದು ವಿಶಾಲಾಕ್ಷಿಗೆ ಹೇಳಿ ಹೆಂಡತಿಯ ಕಡೆ ತಿರುಗಿದ. "ಸಾರಿಗೆ ಉಪ್ಪು ಹಾಕೋಕೂ ಬರಲ್ವೇನೇ ದರಿದ್ರದೋಳೇ! ನಿಮ್ಮಪ್ಪ ಇದನ್ನೇ ಕಲಿಸಿದ್ನಾ?"

ಮಲ್ಲಿಗೆಯ ಬುಡದಲ್ಲೇ ಹೊಸ ಮೊಳಕೆ ತಲೆಯೆತ್ತಿತು. ಬೇಲಿಯಾಚೆ ಅವನ ಚೆಂಡುಹೂವಿನ ಸಾಲುಗಳಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಪ್ರತಿ ವರ್ಷ ತೋಟದ ಬಹುಮಾನ ಅವನಿಗೇ.

ಬೈದು ಮುಗಿಸಿ ಚಪ್ಪಲಿಯ ಮಣ್ಣು ಕೊಡವಿದ. "ಕಳೆ ಜಾಸ್ತಿ ಆಗಿದೆಯಲ್ಲಮ್ಮ, ಸ್ವಲ್ಪ ನಾಲಿಗೆ ಬಿಗಿ ಹಿಡಿ."

ವಿಶಾಲಾಕ್ಷಿ ಬಾಯಲ್ಲಿದ್ದ ನೀರನ್ನು ಪಿಚಕ್ಕನೆ ಉಗಿದಳು. ಆದರೂ ತನ್ನ ಮಣ್ಣಿನ ಮೇಲೆ ನಿಂತು ತುಟಿ ಬಿಚ್ಚಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ಅವನ ಅಂಗಳಕ್ಕೆ ನಡೆದು, ಚೆಂಡುಹೂವಿನ ಮೊದಲ ಗಿಡದ ಬುಡದಲ್ಲಿ ನಿಂತಳು.

"ಲೋ ಮಹಾದೇವಾ!"

"ಅಯ್ಯಯ್ಯೋ, ಇಲ್ಲಿ ಬೇಡ, ಇಲ್ಲಿ ಬೇಡ!" ಎಂದು ಅವನು ಓಡಿ ಬಂದ.

ಸರ್ವಮಂಗಳೆ ಗಂಡನನ್ನು ದಾಟಿಕೊಂಡು ಬಂದು ಅವಳ ಪಕ್ಕ ನಿಂತಳು. ಮದುವೆಯಾದಾಗಿನಿಂದ ಒಂದು ಮಾತೂ ತಿರುಗಿ ಆಡದವಳು ಗಂಟಲು ಸರಿಮಾಡಿಕೊಂಡಳು.

"ಈ ಸಾಲು ನೀವು ನೋಡ್ಕೊಳ್ಳಿ ಅಕ್ಕ," ಎಂದಳು. "ಆ ಸಾಲು ನಂದು."