ಹುಣಸೆಹಣ್ಣಿನ ಕೂಲಿ

ಹೊಸ ಹುಣಸೆಹಣ್ಣಿನ ವಾಸನೆ ಬಂದರೆ ಈಗಲೂ ಚಿಂತಾಮಣಿಯ ನಮ್ಮ ಮನೆಯ ಜಗಲಿ ನೆನಪಾಗುತ್ತದೆ.

ನನಗಾಗ ಎಂಟು ವರ್ಷ. ಗಾಜಿನ ಬಳೆ ಬೇಕೆಂದು ಹಟ ಹಿಡಿದಿದ್ದೆ. "ದುಡಿದು ತಗೋಮ್ಮ, ಆಗ ಗೊತ್ತಾಗುತ್ತೆ ಕಾಸಿನ ಬೆಲೆ" ಎಂದರು ತಾತ. ಮಧ್ಯಾಹ್ನವೆಲ್ಲ ಅಮ್ಮನ ಪಕ್ಕದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸಿದೆ. ಬೆರಳೆಲ್ಲ ಅಂಟು, ಉಗುರಿನ ಸಂದಿಯಲ್ಲಿ ಉರಿ. ನಾನು ಒಂದು ಬುಟ್ಟಿ ಮುಗಿಸುವಷ್ಟರಲ್ಲಿ ಅಮ್ಮ ನಾಲ್ಕು ಮುಗಿಸಿದ್ದಳು.

ಸಂಜೆ ತಾತ ನನ್ನ ಅಂಗೈಗೆ ಎರಡಾಣೆ ಹಾಕಿದರು. "ನಿನ್ನ ಸ್ವಂತ ಸಂಪಾದನೆ ಕಣಮ್ಮ, ಜೋಪಾನ."

"ಅಮ್ಮಂಗೆ ಕೊಡಲ್ವಾ ತಾತ?"

ತಾತ ನಕ್ಕರು. "ಮನೆ ಸೊಸೆಗೆ ಯಾರಾದ್ರೂ ಕೂಲಿ ಕೊಡ್ತಾರೇನಮ್ಮ?"

ಅಮ್ಮ ತಲೆಯೆತ್ತದೆ ಇನ್ನೊಂದು ಬುಟ್ಟಿ ಎಳೆದುಕೊಂಡಳು.

ತಾತ ಒಳಗೆ ಹೋದ ಮೇಲೆ ಎರಡಾಣೆಯನ್ನು ಅವಳ ಕೈಗಿಟ್ಟೆ. "ಬೇಡ ಕಣೇ, ಬೇಡ" ಅನ್ನುತ್ತಲೇ ಅಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.