ಕನ್ನಡಕದ ಗುರುತು

ಚರ್ಚಿನ ಗಂಟೆ ಬಾರಿಸುವ ಎಲೀಷಪ್ಪ ಚರ್ಚಿನ ಜಾಗದ ಕೇಸಿನಲ್ಲಿ ಸಾಕ್ಷಿ ಹೇಳಲು ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದ. ತಾನು ಒಂದು ಮಾತು ತಪ್ಪಿದರೂ ಚರ್ಚಿನ ಜಾಗ ಹೋಗುತ್ತದೆ, ಅದರೊಳಗಿನ ತನ್ನ ಮನೆಯೂ ಹೋಗುತ್ತದೆ. ಅದಕ್ಕೇ ಹಳೆಯ ವಕೀಲರು ಪಾಠ ಹೇಳಿಕೊಟ್ಟಿದ್ದರು: "ನಾ ಕನ್ನಡಕ ತೆಗದ್ರ ಅಲ್ಲ ಅನ್ನು, ಹಾಕ್ಕೊಂಡಿದ್ರ ಹೌದು ಅನ್ನು. ನಿನ್ನ ಬುದ್ಧಿ ಓಡಸಬ್ಯಾಡ."

ಅದಾದ ಮೇಲೆ ಚರ್ಚಿನ ಮಂಡಳಿ ಠರಾವು ಮಾಡಿತ್ತು: ಯಾವ ವಕೀಲರಿಗೂ ಒಂದು ಕೇಸಿಗೆ ಐದು ಸಾವಿರದ ಮೇಲೆ ಫೀಸು ಕೊಡತಕ್ಕದ್ದಲ್ಲ. ಹಳೆಯವರು ಫೈಲು ವಾಪಸು ಕೊಟ್ಟು ಕೈ ತೊಳೆದುಕೊಂಡಿದ್ದರು. ಆ ಫೀಸಿಗೆ ಒಪ್ಪಿ ಇವತ್ತು ಬಂದವರು ಹೊಸಬರು. ಪುಣ್ಯಕ್ಕೆ ಅವರಿಗೂ ಕನ್ನಡಕವಿತ್ತು.

"ಇವರಿಗೆ ಎಲ್ಲಾ ಗೊತ್ತೈತೇನ್ರಿ?" ಎಂದು ಬೆಳಿಗ್ಗೆ ಪಾಸ್ಟರನ್ನು ಕೇಳಿದ್ದ.

"ಎಲ್ಲಾ ಫೈಲಿನ್ಯಾಗ ಐತಿ. ಹೆದರಬ್ಯಾಡ ಎಲೀಷಪ್ಪ."

ಎದುರು ಪಕ್ಷದ ವಕೀಲ ಎದ್ದು ನಿಂತ. ಎಲೀಷಪ್ಪ ಹೊಸ ವಕೀಲರ ಮುಖದಿಂದ ಕಣ್ಣು ಕೀಳಲಿಲ್ಲ.

"ನಿಮ್ಮ ಹೆಸರು ಎಲೀಷಪ್ಪ, ಹೌದಲ್ರೀ?"

ಸೆಕೆಗೆ ಬೆವೆತಿದ್ದ ಹೊಸ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು.

ಎಲೀಷಪ್ಪ ಅದನ್ನು ನೋಡಿದ. ಕಣ್ಣು ಮುಚ್ಚಿ, ದೇವರ ಮೇಲೆ ಭಾರ ಹಾಕಿ, ಹೇಳಿಯೇಬಿಟ್ಟ:

"ಅಲ್ರೀ ಸಾಹೇಬ್ರ."