ಹತ್ತನೆಯ ಸಿಲಿಂಡರ್

ಆ ಬೆಳಿಗ್ಗೆ ಮೋಡವಿರಲಿಲ್ಲ, ಮಂಜೂ ಇರಲಿಲ್ಲ. ಗಾಳಿ ಮಾತ್ರ ಸಮುದ್ರದ ಕಡೆಯಿಂದ ಹದವಾಗಿ ಬೀಸುತ್ತಿತ್ತು. ಗಾಳಿಯಣ್ಣ ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರನ್ನು ವ್ಯಾನಿನಿಂದ ಇಳಿಸುವ ಮೊದಲು ಒಂದು ಹಿಡಿ ಮರಳೆತ್ತಿ ತೂರಿ ನೋಡಿದ. ಮರಳು ಹೋದ ದಿಕ್ಕಿಗೇ ಇಂಜಿನ್ನಿನ ಹೊಗೆಯೂ ಹೋಗಬೇಕು. ಗಾಳಿ ಎಳೆದುಕೊಳ್ಳುವ ಪೈಪು ಅದಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಪೈಪನ್ನು ಎತ್ತರದ ಕೋಲಿಗೆ ಕಟ್ಟುವಾಗ ಅವನು ಗಂಟನ್ನು ಎರಡೆರಡು ಸಲ ಬಿಚ್ಚಿ ಕಟ್ಟಿದ್ದನ್ನು, ಅವನನ್ನು ಕೆಲಸಕ್ಕೆ ಕರೆತಂದ ಹೆಂಗಸು ನೋಡುತ್ತಿದ್ದಳು.

ಆ ನೋಟವೇ ಅವನನ್ನು ಕೊರೆಯುತ್ತಿತ್ತು. ಈ ಹೆಂಗಸಿಗೆ ಎಲ್ಲ ಗೊತ್ತು.

ಹನ್ನೊಂದು ವರ್ಷದಿಂದ ಅವನು ಟೈರಿನಂಗಡಿಯಲ್ಲಿದ್ದ. ಉಸಿರಾಡದ ವಸ್ತುಗಳಿಗಷ್ಟೇ ಗಾಳಿ ತುಂಬಬೇಕೆಂಬುದು ಅವನು ತನಗೆ ತಾನೇ ಹಾಕಿಕೊಂಡ ಶಿಕ್ಷೆ. ಅಂಗಡಿಯ ಹಿಂದೆ ಒಂದು ಕೋಣೆ. ಅದರಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಚಾಪೆ. ದಿನವೂ ದೇವರಿಗೆ ಕೈಮುಗಿಯುತ್ತಿದ್ದ, ಏನನ್ನೂ ಬೇಡುತ್ತಿರಲಿಲ್ಲ. ಬೇಡುವ ಮುಖ ತನಗೆ ಉಳಿದಿಲ್ಲ ಎಂದುಕೊಂಡಿದ್ದ.

ಕಳೆದ ವಾರ ಇವಳು ಅಂಗಡಿಯ ಬಾಗಿಲಲ್ಲಿ ನಿಂತು, "ಸಮುದ್ರಕ್ಕೆ ಇಳಿಯೋರಿಗೆ ಸಿಲಿಂಡರ್ ತುಂಬಿಸ್ತಿದ್ದೋರು ನೀವೇ ಅಲ್ವಾ?" ಎಂದಾಗ ಅವನ ಕೈಯಿಂದ ಸ್ಪ್ಯಾನರ್ ಜಾರಿತ್ತು.

"ಆ ಕೆಲಸ ಬಿಟ್ಟಿದ್ದೀನಮ್ಮ. ಅದಕ್ಕೆ ಬೇಕಾದಷ್ಟು ಜನ ಇದ್ದಾರೆ."

"ಬೇಕಾದಷ್ಟು ಜನ ಯಾಕಣ್ಣಾ, ನೀವೊಬ್ಬರು ಸಾಕು. ಹೊಸ ಮೆಷಿನ್ನು ತಗೊಂಡಿದ್ದೀನಿ, ಜೋಡಿಸಿ ತೋರಿಸಬೇಕು. ನಿಮ್ಮನ್ನು ಹುಡುಕೋಕೆ ಎರಡು ಜೊತೆ ಚಪ್ಪಲಿ ಸವೆಸಿದ್ದೀನಿ."

ನಗುತ್ತಲೇ ಹೇಳಿದ್ದಳು. ಆದರೆ ಆ ಹುಬ್ಬು ಅವನು ಕಂಡಿದ್ದ ಹುಬ್ಬು. ಸತ್ತವಳ ಅಕ್ಕನೋ ತಂಗಿಯೋ ಇರಬೇಕು, ನ್ಯಾಯ ಕೇಳಲು ಬಂದಿದ್ದಾಳೆ. ಬರಲಿ, ಇಷ್ಟು ದಿನ ಯಾರೂ ಕೇಳದಿದ್ದದ್ದೇ ಹೆಚ್ಚು ಎಂದುಕೊಂಡು ಅವನು ಒಪ್ಪಿದ್ದ.

ಹನ್ನೊಂದು ವರ್ಷದ ಹಿಂದಿನ ಆ ದಿನ ದೋಣಿಯ ಮೇಲೆ ಹತ್ತು ಸಿಲಿಂಡರ್ ತುಂಬಬೇಕಿತ್ತು. ಬರೀ ಗಾಳಿಯಲ್ಲ, ಆಮ್ಲಜನಕ ಹೆಚ್ಚು ಬೆರೆಸಿದ ಗಾಳಿ, ನೈಟ್ರಾಕ್ಸ್. ಅದಕ್ಕೊಂದು ಕಟ್ಟುನಿಟ್ಟುಂಟು. ಯಾರು ಅದನ್ನು ಉಸಿರಾಡುತ್ತಾರೋ ಅವರೇ ಆಮ್ಲಜನಕವನ್ನೂ ಹೊಗೆಯ ವಿಷವನ್ನೂ ಮೀಟರ್ ಹಿಡಿದು ಅಳೆದು, ಚೀಟಿಯಲ್ಲಿ ತಮ್ಮ ಹೆಸರು ತಾವೇ ಬರೆದು ಅಂಟಿಸಬೇಕು. ಅವತ್ತು ಎಲ್ಲರಿಗೂ ಅವಸರ, ಅವನಿಗೆ ತನ್ನ ಕೈಯ ಮೇಲೆ ವಿಪರೀತ ನಂಬಿಕೆ. ಮೊದಲನೆಯದನ್ನು ಮಾತ್ರ ಅಳೆದ. ಉಳಿದ ಒಂಬತ್ತಕ್ಕೂ ಅದೇ ಅಂಕಿ ಇಳಿಸಿದ. ಹೆಸರುಗಳನ್ನೂ ಪಟ್ಟಿ ನೋಡಿ ತಾನೇ ಬರೆದ.

ಹತ್ತನೆಯದು ತುಂಬುವಾಗ ಗಾಳಿ ತಿರುಗಿತ್ತು. ಇಂಜಿನ್ನಿನ ಹೊಗೆ ಪೈಪನ್ನು ಹೊಕ್ಕಿತ್ತು. ಆ ಸಿಲಿಂಡರ್ ಹೊಸದಾಗಿ ಕಲಿತ ಹುಡುಗಿಯೊಬ್ಬಳ ಬೆನ್ನೇರಿ ನೀರಿಗಿಳಿಯಿತು. ಅವಳನ್ನು ಮೇಲೆತ್ತಿದಾಗ ಮೈ ತಣ್ಣಗಿತ್ತು. ದಡದಲ್ಲಿ ಕಂಬಳಿ ಹೊದಿಸಿ ಆಸ್ಪತ್ರೆಗೆ ಒಯ್ದರು. "ಉಸಿರಿಲ್ಲ ಕಣಯ್ಯಾ. ನೀನು ಇಲ್ಲಿ ಯಾರ ಕಣ್ಣಿಗೂ ಬೀಳಬೇಡ," ಎಂದ ದೋಣಿಯ ಯಜಮಾನ. ಸಂಜೆಯ ಬಸ್ಸು ಹತ್ತಿದವನು ಮತ್ತೆ ಆ ಕಡೆ ಹೋಗಲಿಲ್ಲ. ಯಾರನ್ನೂ ಏನನ್ನೂ ಕೇಳಲಿಲ್ಲ.

ಈಗ ಇಂಜಿನ್ನು ಗುಡುಗಿತು. ಅವನು ಮತ್ತೊಮ್ಮೆ ಕೈ ತೊಳೆದು, ಒರೆಸಿ, ಆಮ್ಲಜನಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ.

"ಇದು ಮೂರನೇ ಸಲ ಅಣ್ಣಾ. ಆಪರೇಷನ್ ಮಾಡೋ ಡಾಕ್ಟರೂ ಇಷ್ಟು ತೊಳೆಯಲ್ಲ."

"ಆಮ್ಲಜನಕಕ್ಕೂ ಜಿಡ್ಡಿಗೂ ಆಗಿಬರಲ್ಲಮ್ಮ. ಸೇರಿದರೆ ಬೆಂಕಿ."

"ಹೊಗೆಗೂ ಉಸಿರಿಗೂ?"

ಅವನು ಸಿಲಿಂಡರಿನ ಕಡೆ ಬಗ್ಗಿದ. ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಏರುತ್ತಿತ್ತು. ಅರ್ಧಕ್ಕೆ ಬಂದಿರಬೇಕು, ಅವನ ಬಲಗೆನ್ನೆಗೆ ತಾಗುತ್ತಿದ್ದ ಗಾಳಿ ನಿಂತು, ಎಡಗೆನ್ನೆ ತಣ್ಣಗಾಯಿತು.

ಗಾಳಿ ತಿರುಗಿತ್ತು.

ಒಂದೇ ಏಟಿಗೆ ಇಂಜಿನ್ನು ನಿಲ್ಲಿಸಿದ. ಸಿಲಿಂಡರಿನ ಬಾಯಿ ಬಿಚ್ಚಿದ. ತುಂಬಿದ್ದೆಲ್ಲ ಬುಸುಗುಟ್ಟುತ್ತ ಹೊರಗೆ ಹೋಯಿತು.

"ಅರ್ಧ ತುಂಬಿತ್ತಲ್ಲಣ್ಣಾ. ವಾಸನೆ ಏನೂ ಬರಲಿಲ್ಲ."

"ಬರಲ್ಲ. ಅವತ್ತೂ ಬಂದಿರಲಿಲ್ಲ."

ಮಾತು ಬಾಯಿಂದ ಬಿದ್ದಾಗಿತ್ತು. ಇನ್ನು ಮುಚ್ಚಿಡಲು ಏನೂ ಇರಲಿಲ್ಲ. ಅವನು ಮರಳಿನ ಮೇಲೆ ಕುಳಿತುಬಿಟ್ಟ.

"ಅವತ್ತು ನಾನು ನಿಲ್ಲಿಸಲಿಲ್ಲ ತಾಯಿ. ಅಳೆಯಲೂ ಇಲ್ಲ. ನೀವು ಆ ಹುಡುಗಿ ಕಡೆಯೋರು ಅಂತ ಮೊದಲ ದಿನವೇ ಗೊತ್ತಾಯ್ತು. ಯಾರಿಗೆ ಹೇಳಬೇಕೋ ಹೇಳಿ. ಈ ಸಲ ಓಡಲ್ಲ."

ಅವಳು ಖಾಲಿಯಾದ ಸಿಲಿಂಡರನ್ನು ಎತ್ತಿ ನಿಲ್ಲಿಸಿದಳು. ಮುಖದಲ್ಲಿ ಸಿಟ್ಟಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

"ಮೊದಲು ಕೆಲಸ ಮುಗಿಸಿ," ಎಂದಳು. "ನಾನು ಇವತ್ತು ಇಳಿಯಬೇಕು. ಇಳಿದು ತುಂಬಾ ದಿನ ಆಯ್ತು."

"ನಾನು ತುಂಬಿದ್ದನ್ನು ಉಸಿರಾಡ್ತೀರಾ?"

"ಅದಕ್ಕೇ ಬಂದಿರೋದು."

ಅವನು ಎದ್ದ. ಕಂಪ್ರೆಸರನ್ನು ತಿರುಗಿಸಿದ, ಕೋಲನ್ನು ಕಿತ್ತು ಆಚೆ ನೆಟ್ಟ, ಮೊದಲಿನಿಂದ ಶುರುಮಾಡಿದ. ಸಿಲಿಂಡರ್ ತುಂಬುವವರೆಗೆ ಕೆನ್ನೆಯನ್ನು ಗಾಳಿಗೊಡ್ಡಿಯೇ ನಿಂತ. ಇಂಜಿನ್ನು ನಿಂತ ಮೇಲೆ ಅಲೆಗಳ ಸದ್ದು ಹತ್ತಿರ ಬಂದಂತಾಯಿತು.

ಆಮ್ಲಜನಕದ್ದೊಂದು, ಹೊಗೆಯ ವಿಷದ್ದೊಂದು, ಎರಡು ಮೀಟರುಗಳನ್ನೂ ಖಾಲಿ ಚೀಟಿಯನ್ನೂ ಪೆನ್ನನ್ನೂ ಅವನು ಎರಡು ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.

"ಇದು ಉಸಿರಾಡೋರ ಹಕ್ಕು," ಎಂದ ಮೆಲ್ಲಗೆ. "ಆ ಮಗುವಿನ ಕೈಯಿಂದ ಕಿತ್ಕೊಂಡಿದ್ದೆ."

ಅವಳು ತೆಗೆದುಕೊಂಡಳು. ಅವಸರವಿಲ್ಲದೆ ಅಳೆದಳು. ಆಮ್ಲಜನಕ ಶೇಕಡಾ ಮೂವತ್ತೆರಡು, ಹೊಗೆ ಸೊನ್ನೆ. ಚೀಟಿಯನ್ನು ಮೊಣಕಾಲಿನ ಮೇಲಿಟ್ಟು ಅಂಕಿಗಳನ್ನು ಬರೆದಳು, ತಾರೀಖು ಬರೆದಳು. ಅವನು ಬಗ್ಗಿ ನೋಡುತ್ತಿದ್ದ.

ಕೊನೆಯ ಸಾಲಿನಲ್ಲಿ ಅವಳು ತನ್ನ ಹೆಸರು ಬರೆದಳು: ಹನ್ನೊಂದು ವರ್ಷದ ಹಿಂದೆ ಹತ್ತನೆಯ ಸಿಲಿಂಡರಿನ ಮೇಲೆ ಅವನು ಬರೆದಿದ್ದ ಅದೇ ಹೆಸರು.